ಮನೆ ಮಾರುವ ಮುನ್ನ ಸೆಪ್ಟಿಕ್ ಟ್ಯಾಂಕಿನ ಲೆಕ್ಕ: ಇಂಗ್ಲೆಂಡಿನ ಹಳ್ಳಿಮನೆಗಳ ನಿಯಮ ಮತ್ತು ತಪಾಸಣೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಒಳಚರಂಡಿಗೆ ಸೇರದ ಮನೆಗಳು ಇಂದಿಗೂ ಬಹಳಷ್ಟಿವೆ. ಅವುಗಳ ಶೌಚಾಲಯ, ಬಚ್ಚಲು ಮತ್ತು ಅಡುಗೆಮನೆಯ ಕೊಳೆನೀರು ಹಿತ್ತಿಲಲ್ಲೋ ಪಕ್ಕದ ಹುಲ್ಲುಗಾವಲಲ್ಲೋ ಹೂತಿಟ್ಟ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ಮನೆಯಲ್ಲಿ ವಾಸವಿರುವಷ್ಟು ಕಾಲ ಅದರ ನೆನಪು ಯಾರಿಗೂ ಬರುವುದಿಲ್ಲ. ಮನೆಯನ್ನು ಮಾರಲು ಹೊರಟು, ಕೊಳ್ಳುವವರ ವಕೀಲರು ಪ್ರಶ್ನೆಪಟ್ಟಿ ಕಳಿಸಿದಾಗಲೇ ನೆಲದಡಿಯಲ್ಲಿ ಏನಿದೆ, ಯಾವ ಕಾಲದ್ದು, ಯಾರು ಕಟ್ಟಿದ್ದು ಎಂಬ ಹುಡುಕಾಟ ಶುರುವಾಗುತ್ತದೆ.

ಮಾರುವವರು ಸಾಮಾನ್ಯವಾಗಿ ಟ್ಯಾಂಕಿನ ಸ್ಥಿತಿಯ ಬಗ್ಗೆಯೇ ಯೋಚಿಸುತ್ತಾರೆ: ಗೋಡೆ ಬಿರುಕು ಬಿಟ್ಟಿದೆಯೇ, ಈಚೆಗೆ ಖಾಲಿ ಮಾಡಿಸಿದ್ದೆವೇ, ವಾಸನೆ ಇದೆಯೇ ಎಂದು. ಕಾನೂನಿನ ಮುಖ್ಯ ಪ್ರಶ್ನೆ ಇರುವುದು ಟ್ಯಾಂಕಿನ ಆಚೆ. ಅಲ್ಲಿಂದ ಹೊರಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ಅದು ಕೇಳುತ್ತದೆ. ಈ ಒಂದು ಪ್ರಶ್ನೆಗೆ ಖಚಿತ ಉತ್ತರವಿದ್ದರೆ ಮಾರಾಟದ ಮುಕ್ಕಾಲು ತೊಡಕು ಕಳೆದಂತೆ. ಉತ್ತರವಿಲ್ಲದಿದ್ದರೆ ಹೊಸದಾಗಿ ಹೊಳೆಯುವ ಟ್ಯಾಂಕಿದ್ದರೂ ವ್ಯವಹಾರ ನಿಂತುಹೋಗಬಹುದು.

ಟ್ಯಾಂಕು ಮಾಡುವ ಕೆಲಸ, ಮಣ್ಣು ಮಾಡುವ ಕೆಲಸ

ಕಾನೂನು ಹೀಗೇಕಿದೆ ಎಂದು ತಿಳಿಯಲು ಟ್ಯಾಂಕಿನೊಳಗೆ ನಡೆಯುವುದನ್ನು ತಿಳಿಯಬೇಕು. ಮನೆಯಿಂದ ಬಂದ ಕೊಳೆನೀರು ಟ್ಯಾಂಕಿನಲ್ಲಿ ಒಂದೆರಡು ದಿನ ಅಲುಗಾಡದೆ ನಿಲ್ಲುತ್ತದೆ. ಭಾರದ ಕಣಗಳು ತಳಕ್ಕಿಳಿದು ಕೆಸರಾಗುತ್ತವೆ, ಎಣ್ಣೆ ಜಿಡ್ಡು ಮೇಲೆ ತೇಲಿ ದಪ್ಪನೆಯ ಪದರವಾಗುತ್ತದೆ, ನಡುವೆ ಉಳಿದ ಮಸುಕು ನೀರು ಇನ್ನೊಂದು ತುದಿಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಆ ಕೊಳವೆಯ ಬಾಯಿಗೆ ಇಂಗ್ಲಿಷ್ ‘ಟಿ’ ಅಕ್ಷರದ ಆಕಾರದ ತುಂಡೊಂದನ್ನು ಜೋಡಿಸಿರುತ್ತಾರೆ. ಅದರ ಕೆಳಗಿನ ಕಾಲು ಜಿಡ್ಡಿನ ಪದರವನ್ನು ದಾಟಿ ನಡುವಣ ನೀರಿಗೆ ಇಳಿದಿರುವುದರಿಂದ ತೇಲುವ ಕೊಳೆ ಹೊರಗೆ ಹೋಗಲಾರದು. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ತಳದ ಕೆಸರನ್ನು ನಿಧಾನವಾಗಿ ಕರಗಿಸುತ್ತವೆಯಾದರೂ ಪೂರ್ತಿ ಕರಗಿಸಲಾರವು. ಆದ್ದರಿಂದಲೇ ಟ್ಯಾಂಕನ್ನು ಕಾಲಕಾಲಕ್ಕೆ ಖಾಲಿ ಮಾಡಿಸಬೇಕಾಗುತ್ತದೆ.

ಹೀಗೆ ಹೊರಬಿದ್ದ ನೀರು ನೋಡಲು ತಕ್ಕಮಟ್ಟಿಗೆ ತಿಳಿಯಾಗಿದ್ದರೂ ಶುದ್ಧವಲ್ಲ. ಜೈವಿಕ ಕೊಳೆಯ ಸುಮಾರು ಅರ್ಧ ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ, ಅದರಲ್ಲಿ ಉಳಿದಿರುತ್ತದೆ. ಅಮೋನಿಯಾ, ರಂಜಕ ಮತ್ತು ರೋಗಾಣುಗಳೂ ಇರುತ್ತವೆ. ನಿಜವಾದ ಶುದ್ಧೀಕರಣ ನಡೆಯುವುದು ಮಣ್ಣಿನಲ್ಲಿ. ಮೇಲ್ಮಣ್ಣಿಗೆ ಹತ್ತಿರದಲ್ಲಿ ಜಲ್ಲಿಯ ಹಾಸಿನ ಮೇಲೆ ತೂತಿನ ಪೈಪುಗಳನ್ನು ಹರಡಿ, ನೀರು ವಿಶಾಲವಾದ ಜಾಗದಲ್ಲಿ ತೆಳುವಾಗಿ ಜಿನುಗುವಂತೆ ಮಾಡಿದರೆ, ಗಾಳಿಯಾಡುವ ಆ ಮಣ್ಣಿನ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ತಿಂದು ಹಾಕುತ್ತವೆ. ಅಲ್ಲಿನ ಜನ ಡ್ರೈನೇಜ್ ಫೀಲ್ಡ್ ಎನ್ನುವ ಈ ವ್ಯವಸ್ಥೆಯನ್ನು ಇಲ್ಲಿ ಇಂಗುನೆಲ ಎಂದು ಕರೆಯೋಣ. ನಮಗೆ ಪರಿಚಿತವಾದ ಆಳದ ಇಂಗುಗುಂಡಿಗೂ ಇದಕ್ಕೂ ವ್ಯತ್ಯಾಸ ದೊಡ್ಡದು. ಗುಂಡಿಯು ನೀರನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆಯೇ ಹೊರತು, ಗಾಳಿಯಾಡುವ ಮಣ್ಣನ್ನು ತಪ್ಪಿಸಿ ನೇರವಾಗಿ ಅಂತರ್ಜಲದತ್ತ ಕಳಿಸಿಬಿಡಬಹುದು.

ಟ್ಯಾಂಕಿನ ಕೊಳವೆ ನೇರವಾಗಿ ಹಳ್ಳಕ್ಕೋ ತೊರೆಗೋ ಬಿದ್ದರೆ ಈ ಎರಡನೆಯ ಹಂತವೇ ಇಲ್ಲವಾಗುತ್ತದೆ. ಹಿಂದಿನ ತಲೆಮಾರಿನವರು ಹಾಗೆ ಮಾಡಿದ್ದು ಸಾಮಾನ್ಯ ಸಂಗತಿ. ಹೊಲದಂಚಿನ ಹಳ್ಳ ಹತ್ತಿರವಿತ್ತು, ಇಳಿಜಾರಿತ್ತು, ಪೈಪು ಹಾಕುವುದು ಸುಲಭವಿತ್ತು, ಕೇಳುವವರೂ ಇರಲಿಲ್ಲ.

ನಿಯಮ ಹೇಳುವುದೇನು

ಇಂಗ್ಲೆಂಡಿನಲ್ಲಿ ಸಣ್ಣ ಪ್ರಮಾಣದ ಕೊಳೆನೀರಿನ ವಿಸರ್ಜನೆಗೆ ‘ಜನರಲ್ ಬೈಂಡಿಂಗ್ ರೂಲ್ಸ್’ ಎಂಬ ಸಾಮಾನ್ಯ ನಿಯಮಾವಳಿ 2015ರ ಜನವರಿ 1ರಿಂದ ಜಾರಿಯಲ್ಲಿದೆ. ಈ ನಿಯಮಗಳನ್ನು ಪಾಲಿಸುವವರು ಪರಿಸರ ಇಲಾಖೆಯ ಪ್ರತ್ಯೇಕ ಪರವಾನಗಿ ಪಡೆಯಬೇಕಿಲ್ಲ. ಪಾಲಿಸಲಾಗದವರು ಪರವಾನಗಿಗೆ ಅರ್ಜಿ ಹಾಕಬೇಕು, ಇಲ್ಲವೇ ವ್ಯವಸ್ಥೆಯನ್ನೇ ಬದಲಿಸಬೇಕು. ನೆಲಕ್ಕೆ ಇಂಗಿಸುವುದಾದರೆ ದಿನಕ್ಕೆ 2,000 ಲೀಟರ್, ಹರಿಯುವ ನೀರಿಗೆ ಬಿಡುವುದಾದರೆ ದಿನಕ್ಕೆ 5,000 ಲೀಟರ್ ಇದರ ಮಿತಿ. ಒಂದು ಕುಟುಂಬದ ಮನೆ ಈ ಮಿತಿಯೊಳಗೆ ಸುಲಭವಾಗಿ ಬರುತ್ತದೆ; ಒಂದೇ ಟ್ಯಾಂಕನ್ನು ಹಲವು ಮನೆಗಳು ಹಂಚಿಕೊಂಡಿರುವ ಕಡೆ ಮಾತ್ರ ಲೆಕ್ಕ ಹಾಕಿ ನೋಡಬೇಕಾಗುತ್ತದೆ.

ಈ ನಿಯಮಾವಳಿಯಲ್ಲಿ ಮನೆ ಮಾರುವವರನ್ನು ಹೆಚ್ಚಾಗಿ ಕಾಡುವುದು ಒಂದು ಅಂಶ. ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರವಾಗಿ ಹಳ್ಳ, ತೊರೆ, ನದಿ ಮುಂತಾದ ಮೇಲ್ಮೈ ನೀರಿಗೆ ಬಿಡುವಂತಿಲ್ಲ. ಹಾಗೆ ಬಿಡುತ್ತಿದ್ದವರು 2020ರ ಜನವರಿ 1ರೊಳಗೆ, ಅದಕ್ಕೆ ಮೊದಲೇ ಮನೆ ಮಾರುವುದಿದ್ದರೆ ಮಾರಾಟದ ಹೊತ್ತಿಗೆ, ವ್ಯವಸ್ಥೆಯನ್ನು ಬದಲಿಸಬೇಕಿತ್ತು. ಆ ಗಡುವು ಮುಗಿದು ವರ್ಷಗಳಾದವು. ಆದ್ದರಿಂದ ಇಂದಿಗೂ ನೀರು ಹಳ್ಳಕ್ಕೇ ಹೋಗುತ್ತಿದ್ದರೆ, ಮನೆ ಮಾರಿದರೂ ಮಾರದಿದ್ದರೂ ಅದು ನಿಯಮಭಂಗವೇ. “ನಮ್ಮದು ಹಳೆಯ ಟ್ಯಾಂಕು, ಹಳೆಯದಕ್ಕೆ ಹೊಸ ಕಾನೂನು ಅನ್ವಯಿಸುವುದಿಲ್ಲ” ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಈ ವಿಷಯದಲ್ಲಿ ಅದು ತಪ್ಪು. ಹಾಗೆಯೇ “ಸೆಪ್ಟಿಕ್ ಟ್ಯಾಂಕುಗಳನ್ನೇ ನಿಷೇಧಿಸಿದ್ದಾರೆ” ಎಂಬ ಗಾಬರಿಯೂ ತಪ್ಪು. ಸರಿಯಾದ ಇಂಗುನೆಲಕ್ಕೆ ನೀರು ಬಿಡುವ ಟ್ಯಾಂಕನ್ನು ಯಾರೂ ಕಿತ್ತುಹಾಕಿಸುವುದಿಲ್ಲ.

ನೆಲಕ್ಕೆ ಇಂಗಿಸುವವರಿಗೂ ಒಂದು ಎಚ್ಚರಿಕೆ ಅಗತ್ಯ. ಕುಡಿಯುವ ನೀರಿನ ಬಾವಿ, ಕೊಳವೆಬಾವಿ, ಒರತೆಗಳ ಸುತ್ತ ಪರಿಸರ ಇಲಾಖೆಯು ಜಲಮೂಲ ರಕ್ಷಣಾ ವಲಯಗಳನ್ನು ಗುರುತಿಸಿದೆ. ಅವುಗಳಲ್ಲಿ ಒಂದನೆಯ ವಲಯವೆಂದರೆ ನೆಲದಡಿಯ ಮಾಲಿನ್ಯ 50 ದಿನಗಳೊಳಗೆ ಆ ಜಲಮೂಲವನ್ನು ತಲುಪಬಹುದಾದ ಪ್ರದೇಶ. ಅದರ ಕನಿಷ್ಠ ವ್ಯಾಪ್ತಿ ಸುತ್ತಲೂ 50 ಮೀಟರ್. ಈ ವಲಯದೊಳಗೆ ಇಂಗುನೆಲವಿದ್ದರೆ ಸಾಮಾನ್ಯ ನಿಯಮಾವಳಿ ಸಾಲದು, ಪರವಾನಗಿ ಬೇಕು. ನೆರೆಮನೆಯವರ ಖಾಸಗಿ ಕೊಳವೆಬಾವಿಯ ಕಾರಣಕ್ಕೂ ಈ ತೊಡಕು ಎದುರಾಗುತ್ತದೆ ಎಂಬುದು ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ.

ಬ್ರಿಟನ್ನಿನ ಬೇರೆ ಭಾಗಗಳಲ್ಲಿ ಪದ್ಧತಿ ಬೇರೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸೆಪ್ಟಿಕ್ ಟ್ಯಾಂಕುಗಳನ್ನು ಅಲ್ಲಲ್ಲಿನ ಪರಿಸರ ಸಂಸ್ಥೆಯಲ್ಲಿ ನೋಂದಾಯಿಸಬೇಕೆಂಬ ಕ್ರಮವಿರುವುದರಿಂದ, ಅಲ್ಲಿ ಮಾರಾಟದ ವೇಳೆ ವಕೀಲರು ಮೊದಲು ಕೇಳುವುದು ನೋಂದಣಿಯ ಪತ್ರವನ್ನು. ಅಟ್ಲಾಂಟಿಕ್‌ನ ಆಚೆ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ‘ಟೈಟಲ್ ಫೈವ್’ ನಿಯಮ ಇನ್ನೂ ಬಿಗಿ: ಮಾರಾಟಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಅಧಿಕೃತ ತಪಾಸಕರಿಂದ ಪರೀಕ್ಷೆ ಆಗಿರಲೇಬೇಕು, ಪ್ರತಿವರ್ಷ ಟ್ಯಾಂಕು ಖಾಲಿ ಮಾಡಿಸಿದ ದಾಖಲೆಯಿದ್ದರೆ ಆ ಅವಧಿ ಮೂರು ವರ್ಷ, ವ್ಯವಸ್ಥೆ ಅನುತ್ತೀರ್ಣವಾದರೆ ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ಸರಿಪಡಿಸಬೇಕು. ಇಂಗ್ಲೆಂಡಿನಲ್ಲಿ ಮಾರಾಟಕ್ಕೆಂದೇ ಇಂಥ ಕಡ್ಡಾಯ ಪರೀಕ್ಷೆಯಿಲ್ಲ. ಅಲ್ಲಿ ಕಾನೂನು ಮಾರುವವರ ಮೇಲೆ ಹೊರಿಸಿರುವುದು ತಿಳಿಸುವ ಹೊಣೆಯನ್ನು. ಹೊಣೆ ಹಗುರವೆಂದು ಕಂಡರೂ, ತಪಾಸಣೆ ಮಾಡಿಸದೆ ನಿಜವನ್ನು ತಿಳಿಸುವುದು ಹೇಗೆ ಎಂಬ ಪ್ರಶ್ನೆ ಕೂಡಲೇ ಎದುರಾಗುತ್ತದೆ.

ತಪಾಸಕರು ನಿಜಕ್ಕೂ ನೋಡುವುದೇನನ್ನು

ಮನೆಯ ಸಾಮಾನ್ಯ ಸರ್ವೆ ಮಾಡುವವರು ಟ್ಯಾಂಕಿನ ಮುಚ್ಚಳವನ್ನು ಎತ್ತಿ ಇಣುಕಿದರೆ ಅದೇ ಹೆಚ್ಚು. ಒಳಚರಂಡಿಯ ಕೆಲಸ ಬಲ್ಲ ತಪಾಸಕರನ್ನು ಪ್ರತ್ಯೇಕವಾಗಿ ಕರೆಸಬೇಕು, ಮತ್ತು ಅವರು ಬರುವ ಮೊದಲು ಟ್ಯಾಂಕನ್ನು ಖಾಲಿ ಮಾಡಿಸಬಾರದು. ಅತಿಥಿಗಳು ಬರುವ ಮೊದಲು ಮನೆ ಗುಡಿಸುವಂತೆ ಇದನ್ನೂ ಚೊಕ್ಕಟ ಮಾಡಿಡಬೇಕೆಂದು ಮಾರುವವರಿಗೆ ಅನ್ನಿಸುವುದು ಸಹಜ. ಆದರೆ ಟ್ಯಾಂಕು ಖಾಲಿಯಾದ ಕ್ಷಣವೇ ಮುಖ್ಯ ಸಾಕ್ಷ್ಯ ಅಳಿಸಿಹೋಗುತ್ತದೆ, ಅನುಭವಿ ತಪಾಸಕರಿಗೆ ಅನುಮಾನವೂ ಮೂಡುತ್ತದೆ.

ಆ ಸಾಕ್ಷ್ಯ ನೀರಿನ ಮಟ್ಟ. ಸರಿಯಾಗಿ ಕೆಲಸ ಮಾಡುವ ಟ್ಯಾಂಕಿನಲ್ಲಿ ನೀರು ಹೊರಹೋಗುವ ಕೊಳವೆಯ ತಳಕ್ಕೆ ಸಮನಾಗಿ ನಿಂತಿರುತ್ತದೆ. ಮಟ್ಟ ಅದಕ್ಕಿಂತ ಕೆಳಗಿದ್ದರೆ ಟ್ಯಾಂಕು ಎಲ್ಲೋ ಸೋರುತ್ತಿದೆ. ಮೇಲಿದ್ದರೆ ಮುಂದಿನ ಪೈಪು ಕಟ್ಟಿಕೊಂಡಿದೆ ಅಥವಾ ಇಂಗುನೆಲ ನೀರು ಕುಡಿಯುವುದನ್ನು ನಿಲ್ಲಿಸಿದೆ. ಆ ದಿನ ಮಟ್ಟ ಸರಿಯಾಗಿಯೇ ಇದ್ದರೂ ಗೋಡೆಯ ಮೇಲೆ ಕೊಳವೆಗಿಂತ ಒಂದು ಗೇಣು ಎತ್ತರದಲ್ಲಿ ಕಪ್ಪುಗೆರೆ ಕಾಣಿಸಿದರೆ, ಮಳೆಗಾಲದಲ್ಲೋ ನೆಂಟರು ತುಂಬಿದ್ದಾಗಲೋ ನೀರು ಅಲ್ಲಿಯವರೆಗೆ ಏರಿತ್ತು ಎಂದು ಅರ್ಥ. ಇದನ್ನೆಲ್ಲ ನೋಡಿಯಾದ ಮೇಲೆ ಟ್ಯಾಂಕರನ್ನು ಕರೆಸಿ ಖಾಲಿ ಮಾಡಿಸುವುದು ಒಳ್ಳೆಯ ಕ್ರಮ. ಆಗ ಹೊರಹೋಗುವ ಕೊಳವೆಯಿಂದ ನೀರು ಹಿಂದಕ್ಕೆ ಟ್ಯಾಂಕಿಗೇ ಸುರಿಯತೊಡಗಿದರೆ ಇಂಗುನೆಲ ತುಂಬಿ ನಿಂತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಖಾಲಿ ಟ್ಯಾಂಕಿನಲ್ಲಿ ನೋಡಬೇಕಾದದ್ದು ಇನ್ನಷ್ಟಿದೆ. ಕಾಂಕ್ರೀಟ್ ಟ್ಯಾಂಕುಗಳಲ್ಲಿ ನೀರಿನ ಮಟ್ಟದಿಂದ ಮೇಲಿನ ಗೋಡೆ ಮತ್ತು ಚಾವಣಿ ಮೊದಲು ಸವೆಯುತ್ತವೆ, ಏಕೆಂದರೆ ಕೊಳೆನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲವು ಅಲ್ಲಿ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ. ‘ಟಿ’ ತುಂಡು ಕಳಚಿ ಬಿದ್ದಿರುವುದು ಸಾಮಾನ್ಯ. ಬಿದ್ದ ದಿನದಿಂದ ಜಿಡ್ಡು ಇಂಗುನೆಲಕ್ಕೆ ಹೋಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತಿರುತ್ತದೆ. ಹಾಗಾಗಿ ಚಿಕ್ಕದಾಗಿ ಕಾಣುವ ಈ ದೋಷ ಹಲವು ಬಾರಿ ದೊಡ್ಡದೊಂದು ಕೆಡುಕಿನ ಮೂಲವಾಗಿರುತ್ತದೆ. ಫೈಬರ್‌ಗ್ಲಾಸ್ ಟ್ಯಾಂಕುಗಳ ವಿಷಯದಲ್ಲಿ ಖಾಲಿ ಮಾಡುವ ಕಾಲವೂ ಮುಖ್ಯ: ಅಂತರ್ಜಲ ಮೇಲೆ ಬಂದಿರುವಾಗ ಖಾಲಿ ಮಾಡಿದರೆ ಹಗುರವಾದ ಟ್ಯಾಂಕು ನೆಲದಿಂದ ಮೇಲೇಳಬಹುದು, ಇಲ್ಲವೇ ಹೊರಗಿನ ಒತ್ತಡಕ್ಕೆ ಜಜ್ಜಿಹೋಗಬಹುದು. ಯಾವ ಟ್ಯಾಂಕೇ ಆಗಲಿ, ಯಾವ ಕಾರಣಕ್ಕೂ ಮನೆಯವರು ಅದರೊಳಗೆ ಇಳಿಯಕೂಡದು. ಮೇಲೆ ಹೇಳಿದ ಅನಿಲವೇ ಕೆಲವು ಉಸಿರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿಷಕಾರಿ.

ನೀರು ಎಲ್ಲಿಗೆ ಹೋಗುತ್ತದೆ ಎಂಬ ಮೂಲ ಪ್ರಶ್ನೆಗೆ ಉತ್ತರ ಹುಡುಕಲು ತಪಾಸಕರ ಬಳಿ ಎರಡು ಸಾಧನಗಳಿವೆ. ಒಂದು, ಕೊಳವೆಯೊಳಗೆ ನುಗ್ಗಿಸುವ ಕ್ಯಾಮೆರಾ. ಇನ್ನೊಂದು, ಶೌಚಾಲಯದಲ್ಲೋ ಟ್ಯಾಂಕಿನ ಹೊರದಾರಿಯಲ್ಲೋ ಸುರಿಯುವ ಹಸಿರು ಬಣ್ಣದ ಫ್ಲೋರೆಸಿನ್ ದ್ರಾವಣ. ಇಂಗುನೆಲವಿದೆ ಎಂದು ಕಾಗದದಲ್ಲಿ ಬರೆದಿರುತ್ತದೆ, ಆದರೆ ಬಣ್ಣ ಸುರಿದ ಸ್ವಲ್ಪ ಹೊತ್ತಿಗೆ ಆಚೆ ಹೊಲದ ಹಳ್ಳದ ನೀರು ಹಸಿರಾಗಿರುತ್ತದೆ. ಹೀಗಾಗುವುದಕ್ಕೆ ಮನೆಯವರ ಕಪಟವೇ ಕಾರಣವಾಗಬೇಕಿಲ್ಲ. ಜವುಗು ಹೊಲಗಳ ನೀರು ಬಸಿಯಲೆಂದು ರೈತರು ಎಂದೋ ಹೂತಿಟ್ಟ ಜೇಡಿಮಣ್ಣಿನ ಕೊಳವೆಗಳು ಹಳ್ಳಿಗಾಡಿನ ನೆಲದಡಿಯಲ್ಲಿ ಹರಡಿಕೊಂಡಿವೆ. ಇಂಗುನೆಲದ ನೀರು ಅವುಗಳಲ್ಲೊಂದನ್ನು ಸೇರಿದರೆ ಸಾಕು. ಬಣ್ಣವಿಲ್ಲದೆಯೂ ಕೆಲವು ಕುರುಹುಗಳು ಕಾಣುತ್ತವೆ: ಬೇಸಿಗೆಯಲ್ಲಿ ಸುತ್ತಲ ಹುಲ್ಲು ಒಣಗಿದ್ದರೂ ಪೈಪಿನ ಸಾಲಿನುದ್ದಕ್ಕೆ ದಟ್ಟವಾಗಿ ಬೆಳೆದ ಹಸಿರು ಪಟ್ಟಿ, ಕಾಲಿಟ್ಟರೆ ಮೆತ್ತಗೆ ಕುಸಿಯುವ ನೆಲ, ಹಳ್ಳದ ಕಲ್ಲುಗಳಿಗೆ ಅಂಟಿದ ಬೂದುಬಣ್ಣದ ಲೋಳೆ.

ತಪಾಸಣೆಯ ಫಲಿತಾಂಶ ಹವಾಮಾನದ ಮೇಲೆ ಮತ್ತು ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ನಿಂತಿದೆ ಎಂಬುದನ್ನು ಕೊಳ್ಳುವವರು ಬಹಳ ಬಾರಿ ಮರೆಯುತ್ತಾರೆ. ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯ ಇಂಗುನೆಲ ವಿಶ್ರಾಂತಿ ಪಡೆದು ಒಣಗಿರುತ್ತದೆ. ಅಂದು ಒಂದಿಷ್ಟು ನೀರು ಬಿಟ್ಟು ನೋಡಿದರೆ ಸಲೀಸಾಗಿ ಕುಡಿಯುತ್ತದೆ. ಐದು ಜನರ ಸಂಸಾರ ಬಂದು ಬಟ್ಟೆ ಒಗೆಯುವ ಯಂತ್ರ ದಿನವೂ ಓಡತೊಡಗಿದಾಗ ಅದರ ನಿಜವಾದ ಶಕ್ತಿ ಎಷ್ಟೆಂದು ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ, ಮನೆ ಖಾಲಿಯಿದ್ದಾಗ ಮಾಡಿದ ತಪಾಸಣೆಯ ವರದಿಯಲ್ಲಿ ಆ ಸಂಗತಿಯನ್ನು ಎದ್ದು ಕಾಣುವಂತೆ ಬರೆಯದಿದ್ದರೆ ಆ ವರದಿಗೆ ಅರ್ಧ ಬೆಲೆ ಮಾತ್ರ.

ಇಂಗುನೆಲ ಎಷ್ಟು ದೊಡ್ಡದಿರಬೇಕು

ಇದಕ್ಕೊಂದು ಸರಳ ಲೆಕ್ಕವಿದೆ, ಮತ್ತು ಮಾರುವವರ ತೋಟದಲ್ಲಿ ಜಾಗ ಸಾಲುತ್ತದೆಯೇ ಎಂಬುದು ಈ ಲೆಕ್ಕದ ಮೇಲೆಯೇ ತೀರ್ಮಾನವಾಗುತ್ತದೆ. ಪೈಪು ಬರಲಿರುವ ಮಟ್ಟದಿಂದ ಕೆಳಕ್ಕೆ 300 ಮಿಲಿಮೀಟರ್ ಆಳದ, ಅಷ್ಟೇ ಅಗಲದ ಚೌಕಾಕಾರದ ಗುಂಡಿ ತೋಡಿ, ನೀರು ತುಂಬಿ ರಾತ್ರಿಯಿಡೀ ಇಂಗಲು ಬಿಡುತ್ತಾರೆ. ಮರುದಿನ ಮತ್ತೆ ತುಂಬಿ, ನೀರು ಮುಕ್ಕಾಲು ಮಟ್ಟದಿಂದ ಕಾಲು ಮಟ್ಟಕ್ಕೆ, ಅಂದರೆ 150 ಮಿಲಿಮೀಟರ್ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಅಳೆದು, ಅದನ್ನು 150ರಿಂದ ಭಾಗಿಸುತ್ತಾರೆ. ಬಂದ ಅಂಕಿ 12ಕ್ಕಿಂತ ಕಡಿಮೆಯಿದ್ದರೆ ನೀರು ಶುದ್ಧವಾಗುವ ಮೊದಲೇ ಜಾರಿಹೋಗುತ್ತದೆ, 100ಕ್ಕಿಂತ ಹೆಚ್ಚಿದ್ದರೆ ಇಂಗುವುದೇ ಇಲ್ಲ. ಎರಡರ ನಡುವಿದ್ದರೆ, ಮನೆಯಲ್ಲಿ ವಾಸಿಸಬಹುದಾದ ಜನರ ಸಂಖ್ಯೆ, ಆ ಅಂಕಿ ಮತ್ತು 0.25 ಇವನ್ನು ಗುಣಿಸಿದರೆ ಬೇಕಾದ ಜಾಗ ಚದರ ಮೀಟರುಗಳಲ್ಲಿ ಸಿಗುತ್ತದೆ. ಐದು ಜನರ ಮನೆಯಲ್ಲಿ ಗುಂಡಿಯ ನೀರು ಇಳಿಯಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು ಎನ್ನೋಣ. ಅದು 6,000 ಸೆಕೆಂಡು, ಅಂಕಿ 40, ಬೇಕಾದ ಜಾಗ 50 ಚದರ ಮೀಟರ್. ಅದೇ ಮನೆ ಜಿಗುಟು ಮಣ್ಣಿನ ಮೇಲಿದ್ದು ಅಂಕಿ 80 ಬಂದರೆ 100 ಚದರ ಮೀಟರ್ ಬೇಕು. ಇದರ ಜೊತೆಗೆ ಇಂಗುನೆಲವು ಹಳ್ಳ ತೊರೆಗಳಿಂದ 10 ಮೀಟರ್, ಕಟ್ಟಡದಿಂದ 15 ಮೀಟರ್, ಬಾವಿ ಕೊಳವೆಬಾವಿಗಳಿಂದ 50 ಮೀಟರ್ ದೂರವಿರಬೇಕು; ಟ್ಯಾಂಕು ವಾಸದ ಕಟ್ಟಡದಿಂದ 7 ಮೀಟರ್ ದೂರವಿರಬೇಕು. ಈ ದೂರಗಳನ್ನೆಲ್ಲ ನಕ್ಷೆಯ ಮೇಲೆ ಎಳೆದು ನೋಡಿದರೆ ಸಣ್ಣ ಹಿತ್ತಿಲಿನಲ್ಲಿ ಏನೂ ಉಳಿಯುವುದಿಲ್ಲ.

ಜಾಗ ಸಾಲದಿದ್ದಾಗ, ಅಥವಾ ಮಣ್ಣು ಒಪ್ಪದಿದ್ದಾಗ, ಕಿರು ಶುದ್ಧೀಕರಣ ಘಟಕ ಹಾಕುವುದೇ ಉಳಿದ ಮುಖ್ಯ ದಾರಿ. ಅದು ಗಾಳಿ ಊದಿ ಕೊಳೆಯನ್ನು ಕರಗಿಸುವುದರಿಂದ ಅದರ ನೀರನ್ನು ಹರಿಯುವ ತೊರೆಗೆ ಬಿಡಬಹುದು. ವಿದ್ಯುತ್ತು ಮತ್ತು ವಾರ್ಷಿಕ ನಿರ್ವಹಣೆ ತಪ್ಪದ ಖರ್ಚು. ಬೇಸಿಗೆಯಲ್ಲಿ ಬತ್ತುವ ಹಳ್ಳಕ್ಕೆ ಹೊಸದಾಗಿ ನೀರು ಬಿಡಲು ಸಾಮಾನ್ಯ ನಿಯಮಾವಳಿ ಒಪ್ಪುವುದಿಲ್ಲ. ಸಾರ್ವಜನಿಕ ಒಳಚರಂಡಿ ಹತ್ತಿರವಿದ್ದರೆ ಅದಕ್ಕೆ ಸೇರಿಸುವುದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ಹೊಸ ವ್ಯವಸ್ಥೆಗೆ ಯೋಜನಾ ಅನುಮತಿ ಮತ್ತು ಕಟ್ಟಡ ನಿಯಮಗಳ ಒಪ್ಪಿಗೆ ಎರಡನ್ನೂ ನೋಡಿಕೊಳ್ಳಬೇಕಾಗಿರುವುದರಿಂದ, ಮನೆಯನ್ನು ಮಾರಾಟಕ್ಕಿಡುವ ಹಲವು ತಿಂಗಳು ಮೊದಲೇ ತಪಾಸಣೆ ಮಾಡಿಸುವುದು ಜಾಣತನ. ಕೊಳ್ಳುವವರು ಸಿಕ್ಕ ಮೇಲೆ ದೋಷ ಬಯಲಾದರೆ ಚೌಕಾಸಿಯಲ್ಲಿ ಮಾರುವವರ ಕೈ ಕೆಳಗಾಗುತ್ತದೆ. ಬೆಲೆ ತಗ್ಗಿಸಿ ಕೆಲಸವನ್ನು ಕೊಳ್ಳುವವರಿಗೆ ಬಿಡುವುದು, ಅಥವಾ ಹಣದ ಒಂದು ಭಾಗವನ್ನು ವಕೀಲರ ಬಳಿ ತಡೆಹಿಡಿದು ಕೆಲಸ ಮುಗಿದ ಮೇಲೆ ಬಿಡುಗಡೆ ಮಾಡುವುದು ಎರಡೂ ನಡೆಯುತ್ತವೆ. ವಿಮೆ ಕೊಂಡು ಸಮಸ್ಯೆಯನ್ನು ಮುಚ್ಚಬಹುದೆಂಬ ಸಲಹೆಯನ್ನು ಮಾತ್ರ ನಂಬಬೇಡಿ. ವಿಮೆ ಹಣ ಕೊಟ್ಟೀತೇ ಹೊರತು ಹಳ್ಳಕ್ಕೆ ಬೀಳುವ ಕೊಳವೆಯನ್ನು ನಿಯಮಬದ್ಧಗೊಳಿಸದು.

ಕಾಗದಪತ್ರ ಮತ್ತು ಪರರ ನೆಲ

ಮನೆ ಮಾರುವಾಗ ಹೊಸ ಮಾಲೀಕರಿಗೆ ಲಿಖಿತವಾಗಿ ತಿಳಿಸಬೇಕಾದ ಸಂಗತಿಗಳನ್ನು ನಿಯಮಾವಳಿಯ ಮಾರ್ಗಸೂಚಿ ಹೆಸರಿಸುತ್ತದೆ: ವ್ಯವಸ್ಥೆಯ ವಿವರಣೆ, ಅದರ ಮುಖ್ಯ ಭಾಗಗಳು ನೆಲದಲ್ಲಿ ಎಲ್ಲೆಲ್ಲಿವೆ, ಏನೇನು ಬದಲಾವಣೆಗಳಾಗಿವೆ, ನಿರ್ವಹಣೆ ಹೇಗೆ ಮಾಡಬೇಕು, ಮತ್ತು ಹಿಂದಿನ ನಿರ್ವಹಣೆಯ ದಾಖಲೆಗಳು. ಮಾರಾಟದಲ್ಲಿ ಬಳಸುವ ಆಸ್ತಿ ಮಾಹಿತಿಯ ‘ಟಿಎ6’ ನಮೂನೆಯಲ್ಲೂ ಒಳಚರಂಡಿಯ ಬಗ್ಗೆ ಪ್ರತ್ಯೇಕ ಪ್ರಶ್ನೆಗಳಿವೆ. ಅಲ್ಲಿ ಊಹೆಯಿಂದ “ಹೌದು” ಎಂದು ಬರೆದು, ಮುಂದೆ ಅದು ಸುಳ್ಳಾದರೆ ಕೊಳ್ಳುವವರು ತಪ್ಪು ಮಾಹಿತಿಯ ಆಧಾರದ ಮೇಲೆ ಪರಿಹಾರ ಕೇಳಬಹುದು. ಟ್ಯಾಂಕು ಖಾಲಿ ಮಾಡಲು ಕರೆಸುವವರು ತ್ಯಾಜ್ಯ ಸಾಗಣೆಗೆ ನೋಂದಾಯಿತರಾಗಿರಬೇಕು. ಅವರು ಕೊಟ್ಟ ರಸೀದಿಗಳನ್ನು ಎಸೆಯದೆ ಇಟ್ಟಿದ್ದರೆ ನಿರ್ವಹಣೆಯ ಇತಿಹಾಸ ತಾನಾಗಿಯೇ ಸಿದ್ಧವಾಗಿರುತ್ತದೆ.

ಟ್ಯಾಂಕು ಅಥವಾ ಇಂಗುನೆಲ ನೆರೆಯವರ ಜಾಗದಲ್ಲಿದ್ದರೆ ತಪಾಸಣೆಯಷ್ಟೇ ಮುಖ್ಯವಾದದ್ದು ಹಕ್ಕಿನ ಪ್ರಶ್ನೆ. ಅಲ್ಲಿಗೆ ನೀರು ಹರಿಸುವ, ಒಳಗೆ ಹೋಗಿ ದುರಸ್ತಿ ಮಾಡುವ, ಟ್ಯಾಂಕರು ತರುವ ಹಕ್ಕು ಆಸ್ತಿಪತ್ರದಲ್ಲಿ ಬರೆದಿದೆಯೇ ಎಂದು ನೋಡಬೇಕು. ದೊಡ್ಡ ತೋಟದಮನೆಯೊಂದನ್ನು ಭಾಗ ಮಾಡಿ, ಕೊಟ್ಟಿಗೆಗಳನ್ನು ಮನೆಗಳಾಗಿ ಪರಿವರ್ತಿಸಿ ಮಾರಿದ ಕಡೆಗಳಲ್ಲಿ ಈ ತೊಡಕು ಹೆಚ್ಚು. ಹಲವು ಮನೆಗಳು ಒಂದೇ ಟ್ಯಾಂಕನ್ನು ಬಳಸುತ್ತಿದ್ದರೆ ನಿಯಮ ಪಾಲನೆಯ ಹೊಣೆ ಎಲ್ಲ ಮನೆಯವರದೂ ಆಗುತ್ತದೆ. ಆದ್ದರಿಂದ ಒಬ್ಬರು ಮಾರಲು ಹೊರಟಾಗ ಬದಲಾವಣೆಯ ಖರ್ಚನ್ನು ಉಳಿದವರೂ ಹಂಚಿಕೊಳ್ಳಬೇಕಾಗಿ ಬರಬಹುದು, ಮತ್ತು ಆ ಮಾತುಕತೆ ಮಾರುವವರ ಆತುರಕ್ಕೆ ತಕ್ಕಂತೆ ಸಾಗುವುದಿಲ್ಲ.

ಹೊಸ ವ್ಯವಸ್ಥೆ ಬಂದ ಮೇಲೆ ಹಳೆಯ ಟ್ಯಾಂಕನ್ನು ಹಾಗೇ ಬಿಡುವಂತಿಲ್ಲ. ಅದರಲ್ಲಿ ಉಳಿದ ಕೆಸರನ್ನು ಪೂರ್ತಿ ತೆಗೆಸಿ, ಮುಂದೆ ಮಾಲಿನ್ಯ ಆಗದಂತೆ ಮಾಡಬೇಕು. ಮುಚ್ಚಳ ಕುಸಿದು ಯಾರೂ ಒಳಗೆ ಬೀಳದಂತೆ ಅದನ್ನು ತುಂಬಿಸುವುದೂ ಒಳ್ಳೆಯದು. ಅದು ಇದ್ದ ಜಾಗವನ್ನು ಹೊಸ ಮಾಲೀಕರಿಗೆ ಕೊಡುವ ನಕ್ಷೆಯಲ್ಲಿ ಹೊಸ ಘಟಕದ ಜೊತೆಗೇ ಗುರುತಿಸಬೇಕು.